ಎರಡು ಹಲಗೆಗಳು

ಆಶಯ

ಓದುವ ಸಾಧನಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಕಲ್ಲು, ಓಲೆಗರಿ, ಕಾಗದಗಳ ಸಾಲಿಗೆ ಇಂದು ವಿದ್ಯುತ್ತಿನಿಂದ ನಡೆಯುವ ಹಲಗೆಗಳೂ ಸೇರಿವೆ. ಇವುಗಳಲ್ಲಿ ಇ-ರೀಡರ್ ಮತ್ತು ಟ್ಯಾಬ್ಲೆಟ್ ಎಂಬ ಎರಡು ಬಗೆಗಳುಂಟು. ಇವೆರಡರ ಗುಣದೋಷಗಳೇನು, ಕನ್ನಡವನ್ನು ಓದುವವನು ಯಾವುದನ್ನು ಆಯ್ದುಕೊಳ್ಳಬೇಕು, ಆಯುವ ಮೊದಲು ಏನನ್ನು ಪರೀಕ್ಷಿಸಬೇಕು ಎಂಬುದನ್ನು ಒಂದು ಮನೆಯ ಪ್ರಸಂಗದ ಮೂಲಕ ಈ ಪಾಠವು ತಿಳಿಸುತ್ತದೆ.

ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿ ರಾಜಾಜಿನಗರವೆಂಬ ಬಡಾವಣೆಯಿದೆ. ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತು ಸ್ವಾತಂತ್ರ್ಯಾನಂತರ ಬೆಳೆದ ಬಡಾವಣೆ ಅದು. ಅಲ್ಲಿಯ ಒಂದು ಹಳೆಯ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ತಾತನವರು ಪ್ರತಿದಿನವೂ ಮಧ್ಯಾಹ್ನ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕುಳಿತುಕೊಳ್ಳುವರು. ಇದು ನಲವತ್ತು ವರ್ಷಗಳ ವಾಡಿಕೆ. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತನಾಡಿಸುತ್ತಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಮಾತ್ರ ಒಂದು ಸಂಗತಿಯನ್ನು ಗಮನಿಸಿದಳು. ತಾತನ ಮಡಿಲಲ್ಲಿ ಪುಸ್ತಕ ತೆರೆದೇ ಇರುತ್ತಿತ್ತು. ಆದರೆ ಅದರ ಪುಟ ಮಗುಚುತ್ತಿರಲಿಲ್ಲ.

"ತಾತ, ನಿನ್ನೆಯೂ ನೀವು ಇದೇ ಪುಟದಲ್ಲಿದ್ದಿರಿ, ಮೊನ್ನೆಯೂ ಇದೇ ಪುಟ" ಎಂದು ಅವಳು ಮೆಲ್ಲನೆ ಕೇಳಿದಳು.

ತಾತ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, "ಪುಟ ಕಾಣುತ್ತದೆ ಮಗು, ಅಕ್ಷರ ಕಾಣುವುದಿಲ್ಲ" ಎಂದರು.

ಮನೆಯವರಿಗೆ ಅಂದೇ ವಿಷಯ ತಿಳಿಯಿತು. ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದರು. ಪೊರೆಯನ್ನು ಹಿಂದೆಯೇ ತೆಗೆದಾಗಿತ್ತು. ಈಗ ವಯಸ್ಸಿನಿಂದಾಗಿ ಅಕ್ಷಿಪಟಲ ಸವೆಯುತ್ತಿದೆ ಎಂದು ವೈದ್ಯರು ಹೇಳಿದರು. ಕನ್ನಡಕ ಬದಲಾಯಿಸಿದರೂ ಸಣ್ಣ ಅಕ್ಷರಗಳು ಸ್ಪಷ್ಟವಾಗವು. ಅಕ್ಷರ ದೊಡ್ಡದಾಗಿ ಬೆಳಕು ಚೆನ್ನಾಗಿದ್ದರೆ ಮಾತ್ರ ಇನ್ನೂ ಓದಬಹುದು ಎಂಬುದು ಅವರ ಅಭಿಪ್ರಾಯವಾಗಿತ್ತು. ಮನೆಯ ಬೀರುವಿನಲ್ಲಿದ್ದ ಪುಸ್ತಕಗಳ ಅಕ್ಷರಗಳನ್ನು ದೊಡ್ಡದು ಮಾಡುವುದು ಸಾಧ್ಯವೇ? ಕಾಗದದ ಮೇಲೆ ಅಚ್ಚಾದದ್ದು ಅಚ್ಚಾದಷ್ಟೇ. ಆಗ ಸೊಸೆಗೆ ತಾನು ಬಹುದಿನಗಳಿಂದ ಹಣ ಕೂಡಿಡುತ್ತಿದ್ದ ಒಂದು ವಸ್ತುವಿನ ನೆನಪಾಯಿತು.

ಆಕೆ ಕೆಂಗೇರಿಯ ಒಂದು ಕಚೇರಿಯಲ್ಲಿ ಉದ್ಯೋಗಿ. ರಾಜಾಜಿನಗರದಿಂದ ಮೆಟ್ರೊ ರೈಲಿನಲ್ಲಿ ಮೆಜೆಸ್ಟಿಕ್ಕಿಗೆ ಹೋಗಿ, ಅಲ್ಲಿ ಬೇರೆ ಮಾರ್ಗದ ರೈಲನ್ನು ಹತ್ತಿ ವಿಜಯನಗರ, ಅತ್ತಿಗುಪ್ಪೆ, ಮೈಸೂರು ರಸ್ತೆಗಳನ್ನು ದಾಟಿ ಕೆಂಗೇರಿಯನ್ನು ಸೇರುವಳು. ಮೈಸೂರು ರಸ್ತೆಯಿಂದ ಕೆಂಗೇರಿಯವರೆಗಿನ ಮಾರ್ಗ 2021ರ ಆಗಸ್ಟ್ ತಿಂಗಳಲ್ಲಿ ತೆರೆದಂದಿನಿಂದ ಈ ಪ್ರಯಾಣವೇ ಆಕೆಯ ಓದಿನ ಹೊತ್ತು. ಆದರೆ ನಿಂತು ಹೋಗುವಾಗ ಒಂದು ಕೈ ಹಿಡಿಕೆಗೆ ಬೇಕು. ದಪ್ಪ ಕಾದಂಬರಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಪುಟ ಮಗುಚುವುದು ಸುಲಭವಲ್ಲ. ಅದಕ್ಕೆಂದೇ ಇ-ರೀಡರ್ ಒಂದನ್ನು ಕೊಳ್ಳಬೇಕೆಂದು ಆಕೆ ಬಯಸಿದ್ದಳು. ಅದೇ ತಾತನವರಿಗೂ ಒದಗುವುದಾದರೆ ಎರಡು ಕೆಲಸ ಒಂದೇ ಹಣದಲ್ಲಿ ಆದಂತಾಗುತ್ತಿತ್ತು. ಮಗಳು ಮಾತ್ರ, "ಟ್ಯಾಬ್ಲೆಟ್ ತೆಗೆದುಕೊಳ್ಳೋಣ ಅಮ್ಮ, ಅದರಲ್ಲಿ ಎಲ್ಲವೂ ಬರುತ್ತದೆ" ಎಂದಳು. ಕೂಡಿಟ್ಟ ಹಣ ಒಂದು ಸಾಧನಕ್ಕೆ ಸಾಲುವಷ್ಟಿತ್ತು, ಎರಡಕ್ಕೆ ಸಾಲದು. ಆಯ್ಕೆ ತಪ್ಪಿದರೆ ತಾತನ ಮಡಿಲ ಪುಟ ಅಲ್ಲಿಯೇ ನಿಲ್ಲುವುದು.

ಹೊರನೋಟಕ್ಕೆ ಎರಡೂ ಸಾಧನಗಳು ಒಂದೇ ತೆರನಾಗಿ ತೋರುತ್ತವೆ. ಎರಡೂ ಸ್ಲೇಟಿನಂಥ ಹಲಗೆಗಳು. ಎರಡರಲ್ಲಿಯೂ ನೂರಾರು ಪುಸ್ತಕಗಳನ್ನು ತುಂಬಿಡಬಹುದು. ಆದರೆ ಅಕ್ಷರವು ಕಣ್ಣಿಗೆ ಕಾಣುವ ಬಗೆಯಲ್ಲಿ ಇವುಗಳಿಗೆ ಮೂಲಭೂತವಾದ ಅಂತರವಿದೆ.

ಟ್ಯಾಬ್ಲೆಟ್ಟಿನ ತೆರೆಯು ದೀಪದಂತೆ ತಾನೇ ಬೆಳಗುತ್ತದೆ. ಸಾಮಾನ್ಯವಾಗಿ ತೆರೆಯ ಹಿಂದೆ ಬೆಳಕಿನ ಮೂಲವಿದ್ದು, ಆ ಬೆಳಕು ಬಣ್ಣದ ಸೂಕ್ಷ್ಮ ಕಿಂಡಿಗಳನ್ನು ಹಾದು ಕಣ್ಣಿಗೆ ಬರುತ್ತದೆ. ತೆರೆಯ ಚಿತ್ರವನ್ನು ಸೆಕೆಂಡಿಗೆ ಅರುವತ್ತು ಸಲ ಹೊಸದಾಗಿ ಬರೆಯುವುದು ವಾಡಿಕೆ. ಆದುದರಿಂದಲೇ ಅದರಲ್ಲಿ ಚಲಿಸುವ ಚಿತ್ರ, ಬಣ್ಣದ ಭೂಪಟ, ಆಟ, ಪಾಠ ಎಲ್ಲವೂ ಮೂಡಬಲ್ಲವು. ಇದಕ್ಕೆ ತೆರುವ ಬೆಲೆಯೆಂದರೆ ವಿದ್ಯುತ್ತು. ಎಡೆಬಿಡದೆ ಬಳಸಿದರೆ ಕೆಲವು ಗಂಟೆಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಸುಡುಬಿಸಿಲಿನಲ್ಲಿ ಹಿಡಿದರೆ ಸೂರ್ಯನ ಬೆಳಕಿನ ಮುಂದೆ ತೆರೆಯ ಬೆಳಕು ಸೋತು ಅಕ್ಷರ ಮಂಕಾಗುತ್ತದೆ.

ಇ-ರೀಡರಿನ ತೆರೆ ಕಾಗದವನ್ನು ಅನುಕರಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಜೋಸೆಫ್ ಜೇಕಬ್‌ಸನ್ ಎಂಬ ವಿಜ್ಞಾನಿಯೂ ಅವರ ವಿದ್ಯಾರ್ಥಿಗಳೂ ಇದನ್ನು ರೂಪಿಸಿದರು. 1997ರಲ್ಲಿ ಇದಕ್ಕಾಗಿಯೇ 'ಇ ಇಂಕ್' ಎಂಬ ಸಂಸ್ಥೆ ಹುಟ್ಟಿತು. ಈ ತೆರೆಯೊಳಗೆ ಕೂದಲಿನ ದಪ್ಪದಷ್ಟು ಚಿಕ್ಕದಾದ ಲಕ್ಷಾಂತರ ಗುಳಿಗೆಗಳಿವೆ. ಪ್ರತಿಯೊಂದು ಗುಳಿಗೆಯ ಒಳಗೆ ತಿಳಿಯಾದ ದ್ರವ. ಆ ದ್ರವದಲ್ಲಿ ತೇಲುವ ಬಿಳಿಯ ಮತ್ತು ಕರಿಯ ಕಣಗಳು. ಬಿಳಿಯ ಕಣಗಳಿಗೆ ಒಂದು ಬಗೆಯ ವಿದ್ಯುದಾವೇಶ, ಕರಿಯ ಕಣಗಳಿಗೆ ಅದಕ್ಕೆ ವಿರುದ್ಧವಾದ ಆವೇಶ. ವಿದ್ಯುತ್ತನ್ನು ಒಂದು ರೀತಿಯಲ್ಲಿ ಹಾಯಿಸಿದರೆ ಬಿಳಿಯ ಕಣಗಳು ಮೇಲೆ ಬರುತ್ತವೆ, ಇನ್ನೊಂದು ರೀತಿಯಲ್ಲಿ ಹಾಯಿಸಿದರೆ ಕರಿಯ ಕಣಗಳು. ಹೀಗೆ ಮೇಲೆ ಬಂದ ಕರಿಯ ಕಣಗಳ ಗುಂಪೇ ಅಕ್ಷರವಾಗಿ ತೋರುತ್ತದೆ. ಒಮ್ಮೆ ಮೂಡಿದ ಪುಟ ವಿದ್ಯುತ್ತಿಲ್ಲದೆಯೇ ನಿಲ್ಲುತ್ತದೆ; ಪುಟ ಮಗುಚುವಾಗ ಮಾತ್ರ ಶಕ್ತಿ ಬೇಕು. ಆದುದರಿಂದ ಒಂದು ಸಲ ವಿದ್ಯುತ್ತು ತುಂಬಿದರೆ ವಾರಗಟ್ಟಲೆ ಸಾಕಾಗುತ್ತದೆ. ಬಿಸಿಲಿನಲ್ಲಿ ಅಕ್ಷರ ಇನ್ನಷ್ಟು ಸ್ಪಷ್ಟವಾಗುತ್ತದೆ, ಕಾಗದದ ಪುಸ್ತಕದಲ್ಲಿ ಆಗುವಂತೆಯೇ. ಕತ್ತಲಲ್ಲಿ ಓದಲು ಇಂದಿನ ಹೆಚ್ಚಿನ ಇ-ರೀಡರುಗಳ ಅಂಚಿನಲ್ಲಿ ಪುಟ್ಟ ದೀಪಗಳಿರುತ್ತವೆ. ಅವುಗಳ ಬೆಳಕು ಪುಟದ ಮೇಲೆ ಬಿದ್ದು ಹಿಂದಿರುಗುತ್ತದೆ.

ಇಂಥ ತೆರೆಯುಳ್ಳ ಮೊದಲ ಇ-ರೀಡರನ್ನು 2004ರಲ್ಲಿ ಸೋನಿ ಸಂಸ್ಥೆ ಜಪಾನಿನಲ್ಲಿ ಮಾರಾಟಕ್ಕೆ ತಂದಿತು. 2007ರ ನವೆಂಬರಿನಲ್ಲಿ ಅಮೆಜಾನ್ ಸಂಸ್ಥೆಯ ಕಿಂಡಲ್ ಬಂದ ಮೇಲೆ ಈ ಸಾಧನ ಜಗತ್ತಿನಲ್ಲೆಲ್ಲ ಹೆಸರಾಯಿತು. ಟ್ಯಾಬ್ಲೆಟ್ಟಿನ ಕಲ್ಪನೆ ಇದಕ್ಕಿಂತ ಹಳೆಯದು. ಅಲನ್ ಕೇ ಎಂಬ ಅಮೆರಿಕದ ವಿಜ್ಞಾನಿ 1972ರಲ್ಲಿಯೇ, ಮಕ್ಕಳು ಪುಸ್ತಕದಂತೆ ಹಿಡಿದುಕೊಳ್ಳಬಹುದಾದ ಗಣಕವೊಂದನ್ನು ಕಲ್ಪಿಸಿ ಬರೆದಿದ್ದರು. 2010ರಲ್ಲಿ ಆಪಲ್ ಸಂಸ್ಥೆಯ ಐಪ್ಯಾಡ್ ಬಂದಾಗ ಅಂಥ ಸಾಧನ ಮನೆಮನೆಯ ವಸ್ತುವಾಗತೊಡಗಿತು.

ಓದುವ ಕೆಲಸವೊಂದನ್ನೇ ನೋಡುವುದಾದರೆ ಇ-ರೀಡರಿನ ಪರವಾಗಿ ಹೇಳಬೇಕಾದುದು ಬಹಳವಿದೆ. ಆರು ಇಂಚಿನ ತೆರೆಯ ಇ-ರೀಡರಿನ ತೂಕ ಸುಮಾರು ಇನ್ನೂರು ಗ್ರಾಂ ಒಳಗೆ. ಹತ್ತು ಇಂಚಿನ ಟ್ಯಾಬ್ಲೆಟ್ಟು ಅದರ ಎರಡೂವರೆ ಪಟ್ಟು ತೂಗುವುದುಂಟು. ಇನ್ನೊಂದು ಗುಣವೆಂದರೆ ಅದರ ಏಕಾಗ್ರತೆ. ಇ-ರೀಡರಿನಲ್ಲಿ ಓದುವುದಲ್ಲದೆ ಬೇರೇನನ್ನೂ ಸುಖವಾಗಿ ಮಾಡಲಾಗದು. ಆ ಕೊರತೆಯೇ ಅದರ ಶಕ್ತಿ. ಟ್ಯಾಬ್ಲೆಟ್ಟಿನಲ್ಲಿ ಕಥೆಯ ನಡುವೆ ಗೆಳತಿಯ ಸಂದೇಶ ಬಂದು ಬಾಗಿಲು ತಟ್ಟುತ್ತದೆ. ಸಂದೇಶವನ್ನು ನೋಡಲು ಹೋದವರು ಕಥೆಗೆ ಮರಳುವ ಹೊತ್ತಿಗೆ ಕಥೆಯ ಎಳೆ ತಪ್ಪಿರುತ್ತದೆ.

ನಿದ್ರೆಗೂ ಇದಕ್ಕೂ ಸಂಬಂಧವುಂಟು. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಂಶೋಧನೆಯಲ್ಲಿ 12 ಮಂದಿಗೆ ಕೆಲವು ರಾತ್ರಿಗಳಲ್ಲಿ ಬೆಳಗುವ ಟ್ಯಾಬ್ಲೆಟ್ಟಿನಲ್ಲಿಯೂ ಕೆಲವು ರಾತ್ರಿಗಳಲ್ಲಿ ಕಾಗದದ ಪುಸ್ತಕದಲ್ಲಿಯೂ ಓದಿಸಿದರು. ಟ್ಯಾಬ್ಲೆಟ್ಟಿನಲ್ಲಿ ಓದಿದ ರಾತ್ರಿಗಳಲ್ಲಿ ಅವರಿಗೆ ನಿದ್ರೆ ತಡವಾಗಿ ಬಂದಿತು. ಅಲ್ಪಸಂಖ್ಯೆಯ ಜನರ ಮೇಲೆ ನಡೆದ ಪರೀಕ್ಷೆಯಾದುದರಿಂದ ಇದನ್ನೇ ಕೊನೆಯ ಮಾತೆಂದು ತಿಳಿಯಬೇಕಾಗಿಲ್ಲ. ಆದರೂ ಮಲಗುವ ಮುನ್ನ ಬೆಳಗುವ ತೆರೆಯನ್ನು ದೂರವಿಡುವುದು ವಿವೇಕ. ತೆರೆ ಯಾವುದೇ ಆಗಿರಲಿ, ನಟ್ಟ ನೋಟದಿಂದ ನೋಡುವಾಗ ಕಣ್ಣು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣೊಣಗುತ್ತದೆ. ಆದುದರಿಂದ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವೊಂದನ್ನು 20 ಸೆಕೆಂಡು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕೆಂದು ಕಣ್ಣಿನ ವೈದ್ಯರು ಹೇಳುತ್ತಾರೆ.

ಇಷ್ಟನ್ನು ತಿಳಿದ ಸೊಸೆ ಇ-ರೀಡರನ್ನೇ ಕೊಳ್ಳುವುದೆಂದು ಬಹುಮಟ್ಟಿಗೆ ನಿಶ್ಚಯಿಸಿದಳು. ಆದರೂ ಹಣ ಕೊಡುವ ಮೊದಲು ಒಮ್ಮೆ ನೋಡಿಬಿಡೋಣವೆಂದು ಕಚೇರಿಯ ಗೆಳತಿಯೊಬ್ಬಳ ಇ-ರೀಡರನ್ನು ಎರಡು ದಿನಗಳ ಮಟ್ಟಿಗೆ ಕೇಳಿ ತಂದಳು. ಅದರಲ್ಲಿದ್ದ ಇಂಗ್ಲಿಷ್ ಕಥೆಯೊಂದನ್ನು ತೆರೆದು, ಅಕ್ಷರಗಳನ್ನು ಹಿಗ್ಗಿಸಿ ತಾತನ ಕೈಗಿತ್ತಳು. ತಾತ ಅದನ್ನು ಬೆಳಕಿಗೆ ಹಿಡಿದು ನೋಡಿ, "ಕಾಗದದಂತೆಯೇ ಇದೆಯಲ್ಲಮ್ಮ! ಕಣ್ಣಿಗೆ ತಂಪಾಗಿದೆ" ಎಂದು ಮೆಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, "ಕನ್ನಡ ಎಲ್ಲಿದೆ?" ಎಂದು ಕೇಳಿದರು.

ಆ ಪ್ರಶ್ನೆಯಲ್ಲಿ ಕನ್ನಡದ ಓದುಗನ ಸಮಸ್ಯೆಯೆಲ್ಲ ಅಡಗಿತ್ತು. ಹೊಸದೊಂದು ಸಾಧನ ಬಂದಾಗಲೆಲ್ಲ ಕನ್ನಡದ ಲಿಪಿ ಅದರಲ್ಲಿ ತನ್ನ ಎಡೆಯನ್ನು ಕೇಳಿ ಪಡೆಯಬೇಕಾಗಿ ಬಂದಿದೆ. ಐದನೆಯ ಶತಮಾನದ ಹಲ್ಮಿಡಿಯ ಶಾಸನದಲ್ಲಿ ಕಲ್ಲಿನ ಮೇಲೆ ನಿಂತ ಕನ್ನಡ, ಬಳಿಕ ಓಲೆಗರಿಯ ಮೇಲೆ ಕಂಠದಿಂದ ಕೊರೆಸಿಕೊಂಡು ಬಾಳಿತು. ಅಚ್ಚಿನ ಯಂತ್ರ ಬಂದಾಗ ಒತ್ತಕ್ಷರಗಳಿಗೂ ಗುಣಿತಾಕ್ಷರಗಳಿಗೂ ನೂರಾರು ಮೊಳೆಗಳನ್ನು ಎರಕ ಹೊಯ್ಯಬೇಕಾಯಿತು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದುದು ಕನ್ನಡನಾಡಿನಲ್ಲಲ್ಲ, ದೂರದ ಬಂಗಾಳದ ಶ್ರೀರಾಂಪುರದಲ್ಲಿ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟಾಗ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು.

ಗಣಕಯಂತ್ರದಲ್ಲಿಯೂ ಇದೇ ಕಥೆ ಮರುಕಳಿಸಿತು. 'ಕರ್ತವ್ಯ' ಎಂಬ ಮಾತನ್ನು ನೋಡಿ. ಉಚ್ಚಾರಣೆಯಲ್ಲಿ 'ರ್' ಮೊದಲು, 'ತ' ಬಳಿಕ. ಬರವಣಿಗೆಯಲ್ಲಿ 'ತ' ಮೊದಲು, ಅದರ ಬಲಕ್ಕೆ ಅರ್ಕಾವೊತ್ತು. 'ಸ್ವಾತಂತ್ರ್ಯ' ಎಂಬಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳು. ಇಂಗ್ಲಿಷಿನ ಅಕ್ಷರಗಳಂತೆ ಒಂದರ ಪಕ್ಕಕ್ಕೆ ಒಂದನ್ನು ಜೋಡಿಸಿದರೆ ಕನ್ನಡವಾಗುವುದಿಲ್ಲ. ಯಂತ್ರಕ್ಕೆ ಈ ಜೋಡಣೆಯ ನಿಯಮಗಳನ್ನು ಕಲಿಸಬೇಕು. ಜಗತ್ತಿನ ಲಿಪಿಗಳಿಗೆಲ್ಲ ಸಮಾನವಾದ 'ಯುನಿಕೋಡ್' ಸಂಕೇತವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವುಂಟು. ಆದರೆ ಸಂಕೇತವಿದ್ದ ಮಾತ್ರಕ್ಕೆ ಪ್ರತಿಯೊಂದು ಸಾಧನವೂ ಕನ್ನಡವನ್ನು ಸರಿಯಾಗಿ ಬರೆದು ತೋರಿಸುವುದೆಂದು ಹೇಳಲಾಗದು. 2016ರ ಡಿಸೆಂಬರಿನಲ್ಲಿ ಕಿಂಡಲ್ ಪುಸ್ತಕದಂಗಡಿಯಲ್ಲಿ ಭಾರತೀಯ ಭಾಷೆಗಳ ವಿಭಾಗವನ್ನು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳು ಅಲ್ಲಿದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳು ಬೇರೆ ದಾರಿ ಹಿಡಿದವು. ಬೆಂಗಳೂರಿನಲ್ಲಿ ಆರಂಭವಾದ 'ಮೈಲ್ಯಾಂಗ್' ಮೊದಲಾದ ಸಂಸ್ಥೆಗಳು ಮೊಬೈಲ್ ಮತ್ತು ಟ್ಯಾಬ್ಲೆಟ್ಟುಗಳಲ್ಲಿ ಓದಬಹುದಾದ ರೂಪದಲ್ಲಿ ಕನ್ನಡ ಪುಸ್ತಕಗಳನ್ನು ಪ್ರಕಟಿಸತೊಡಗಿದವು.

ಇನ್ನೊಂದು ಬಗೆಯ ಕನ್ನಡ ಪುಸ್ತಕಗಳೂ ಅಂತರಜಾಲದಲ್ಲಿವೆ. ನಮ್ಮ ದೇಶದ ಕಾನೂನಿನಂತೆ ಲೇಖಕ ತೀರಿಕೊಂಡು ಅರುವತ್ತು ವರ್ಷಗಳು ಕಳೆದ ಮೇಲೆ ಅವನ ಕೃತಿ ಸಾರ್ವಜನಿಕರ ಸ್ವತ್ತಾಗುತ್ತದೆ. ಇಂಥ ಹಳೆಯ ಗ್ರಂಥಗಳ ಪುಟಗಳನ್ನು ಒಂದೊಂದಾಗಿ ಛಾಯಾಚಿತ್ರ ತೆಗೆದು ಯಾರು ಬೇಕಾದರೂ ಓದುವಂತೆ ಇರಿಸಿದ್ದಾರೆ. ಇವು ಪುಟದ ಚಿತ್ರಗಳೇ ಹೊರತು ಬಿಡಿ ಅಕ್ಷರಗಳಲ್ಲ. ಇ-ಪುಸ್ತಕದಲ್ಲಿ ಅಕ್ಷರವನ್ನು ಹಿಗ್ಗಿಸಿದರೆ ಸಾಲುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಪುಟದ ಚಿತ್ರದಲ್ಲಿ ಹಾಗಾಗದು. ಚಿತ್ರವನ್ನು ಹಿಗ್ಗಿಸಿದರೆ ಸಾಲಿನ ಅರ್ಧ ತೆರೆಯಿಂದ ಆಚೆಗೆ ಹೋಗುತ್ತದೆ.

ತಾತನಿಗೆ ಬೇಕಾಗಿದ್ದುದು ಇಂಥ ಪುಸ್ತಕಗಳೇ. ಬಾಲ್ಯದಲ್ಲಿ ಓದಿದ ಗಳಗನಾಥರ 'ಮಾಧವ ಕರುಣಾ ವಿಲಾಸ'ವನ್ನು ಮತ್ತೊಮ್ಮೆ ಓದಬೇಕೆಂಬುದು ಅವರ ಆಸೆ. ವಿಜಯನಗರ ಸಾಮ್ರಾಜ್ಯ ಹುಟ್ಟಿದ ಕಾಲದ ಕಥೆ ಅದು. ಮೊಮ್ಮಗಳು ಅದರ ಪ್ರತಿಯನ್ನು ಹುಡುಕಿ ಇ-ರೀಡರಿಗೆ ತುಂಬಿದಳು. ಹಳೆಯ ಕಾದಂಬರಿಯ ಪುಟ ಸಾಮಾನ್ಯವಾಗಿ ಐದು ಇಂಚು ಅಗಲ, ಏಳೂವರೆ ಇಂಚು ಉದ್ದವಿರುತ್ತದೆ. ಆರು ಇಂಚಿನ ಇ-ರೀಡರಿನ ತೆರೆಯಾದರೋ ಸುಮಾರು ಮೂರೂವರೆ ಇಂಚು ಅಗಲ, ಐದು ಇಂಚಿಗಿಂತ ಸ್ವಲ್ಪ ಕಡಿಮೆ ಉದ್ದ. ಪುಟವೆಲ್ಲ ತೆರೆಯಲ್ಲಿ ಹಿಡಿಯಬೇಕಾದರೆ ಅಕ್ಷರ ಮೂರನೆಯ ಒಂದು ಭಾಗದಷ್ಟು ಕುಗ್ಗಲೇಬೇಕು. ಹಾಗೆಯೇ ಆಯಿತು. ಸಾಲುಗಳು ಇರುವೆಯ ಸಾಲುಗಳಂತೆ ಕಂಡವು. ಹಿಗ್ಗಿಸಲು ಹೋದರೆ ತೆರೆ ನಿಧಾನವಾಗಿ ಅಳಿಸಿ ಬರೆಯುತ್ತ, ಪ್ರತಿ ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆಯಬೇಕಾಯಿತು. ನಾಲ್ಕು ಸಾಲು ಓದುವಷ್ಟರಲ್ಲಿ ತಾತ ದಣಿದರು. "ಬಿಡು ಮಗು, ಓದಿದ್ದು ಸಾಕು" ಎಂದು ಸಾಧನವನ್ನು ಹಿಂದಿರುಗಿಸಿದರು. ಆ ಮಾತು ಮನೆಯವರಿಗೆ ನೋವನ್ನುಂಟುಮಾಡಿತು. ಹತ್ತು ಇಂಚಿನ ತೆರೆಯ ಇ-ರೀಡರುಗಳೂ ಇಲ್ಲದಿಲ್ಲ. ಆದರೆ ಅವುಗಳ ಬೆಲೆ ಕೂಡಿಟ್ಟ ಹಣಕ್ಕೆ ಎಟುಕುವಂತಿರಲಿಲ್ಲ.

ಮರುದಿನ ಸಂಜೆ ಪಕ್ಕದ ಮನೆಯವರ ಹತ್ತು ಇಂಚಿನ ಟ್ಯಾಬ್ಲೆಟ್ಟನ್ನು ಕೇಳಿ ತಂದು ಅದೇ ಪುಸ್ತಕವನ್ನು ತೆರೆದರು. ನೆಟ್ಟಗೆ ಹಿಡಿದಾಗ ಪುಟ ಅಚ್ಚಿನ ಪುಟದಷ್ಟೇ ಕಂಡಿತು. ಮೊಮ್ಮಗಳು ಅದನ್ನು ಅಡ್ಡಲಾಗಿ ತಿರುಗಿಸಿದಳು. ಪುಟದ ಅಗಲ ತೆರೆಯ ಉದ್ದಕ್ಕೆ ಹಬ್ಬಿ ಅಕ್ಷರ ಒಂದೂವರೆ ಪಟ್ಟಿಗೂ ಹೆಚ್ಚು ದೊಡ್ಡದಾಯಿತು. ಬೆಳಕನ್ನು ಬೇಕಾದಷ್ಟಕ್ಕೆ ಹೊಂದಿಸಿದಳು. ತಾತ ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು, ಎರಡನೆಯದನ್ನೂ ಓದಿದರು. ಬಳಿಕ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿ ಮೌನವಾಗಿ ಓದತೊಡಗಿದರು. ಅಡಿಗೆಯ ಮನೆಯಿಂದ ಕಾಫಿ ಬಂದುದು ಅವರಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರ ಬೆರಳು ತೆರೆಯನ್ನು ಸವರಿತು, ಪುಟ ಮಗುಚಿತು.

ಸೊಸೆ ಆ ರಾತ್ರಿಯೇ ಟ್ಯಾಬ್ಲೆಟ್ಟನ್ನು ಕೊಳ್ಳುವುದೆಂದು ತೀರ್ಮಾನಿಸಿದಳು. "ನಿನ್ನ ಆಸೆಯನ್ನು ನನಗಾಗಿ ಬಿಡಬೇಡಮ್ಮ" ಎಂದು ತಾತ ಹೇಳಿದರು. "ನನ್ನ ಕಣ್ಣು ಚೆನ್ನಾಗಿದೆ ಮಾವ. ನಾನು ಕಾಗದದ ಪುಸ್ತಕವನ್ನೇ ಇನ್ನಷ್ಟು ದಿನ ಓದುತ್ತೇನೆ. ವಿಜಯನಗರದ ದಾರಿಯಲ್ಲಿ ಹಂಪಿನಗರದ ಗ್ರಂಥಾಲಯವಿದೆಯಲ್ಲ" ಎಂದು ಆಕೆ ಉತ್ತರಿಸಿದಳು. ಹಂಪಿನಗರದಲ್ಲಿರುವ ನಗರ ಕೇಂದ್ರ ಗ್ರಂಥಾಲಯ ಆ ಭಾಗದ ಓದುಗರಿಗೆಲ್ಲ ಪರಿಚಿತವಾದ ಸ್ಥಳ. ಯಾವ ಸಾಧನವನ್ನೂ ಕೊಳ್ಳಲಾಗದವರಿಗೂ ಅಲ್ಲಿಯ ಪುಸ್ತಕಗಳು ತೆರೆದೇ ಇವೆ.

ಈ ತೀರ್ಮಾನದಿಂದ ಟ್ಯಾಬ್ಲೆಟ್ಟೇ ಎಲ್ಲರಿಗೂ ಮೇಲೆಂದು ತಿಳಿಯಬಾರದು. ಇಂಗ್ಲಿಷ್ ಕಾದಂಬರಿಗಳನ್ನು ದಿನವೂ ರೈಲಿನಲ್ಲಿ ಓದುವವನಿಗೆ ಇ-ರೀಡರೇ ಲೇಸು. ಕಣ್ಣು ತೀರ ಮಂದವಾದವರಿಗೆ ಟ್ಯಾಬ್ಲೆಟ್ಟಿನಲ್ಲಿ ಇನ್ನೊಂದು ಅನುಕೂಲವುಂಟು: ಯುನಿಕೋಡಿನಲ್ಲಿರುವ ಕನ್ನಡವನ್ನು ಅದು ಗಟ್ಟಿಯಾಗಿ ಓದಿ ಹೇಳಬಲ್ಲುದು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಅವುಗಳ ಬಣ್ಣದ ಭೂಪಟಗಳನ್ನೂ ವಿಜ್ಞಾನದ ಚಿತ್ರಗಳನ್ನೂ ನೋಡುವ ವಿದ್ಯಾರ್ಥಿಗೆ ಟ್ಯಾಬ್ಲೆಟ್ಟು ಅನುಕೂಲ. ಆದರೆ ಅದೇ ವಿದ್ಯಾರ್ಥಿಗೆ ಅದು ಆಟದ ಆಮಿಷವನ್ನೂ ಒಡ್ಡುತ್ತದೆ. ಇದನ್ನು ಅರಿತ ಮೊಮ್ಮಗಳು ತಾನಾಗಿಯೇ ಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದಳು. ಟ್ಯಾಬ್ಲೆಟ್ಟಿನಲ್ಲಿ ಸಂದೇಶಗಳ ಕರೆಯನ್ನು ನಿಲ್ಲಿಸತಕ್ಕದ್ದು. ಮಧ್ಯಾಹ್ನದ ಹೊತ್ತು ಅದು ತಾತನದು. ರಾತ್ರಿ ಊಟವಾದ ಮೇಲೆ ಅದನ್ನು ಬೀರುವಿನಲ್ಲಿಡತಕ್ಕದ್ದು.

ಸಾಧನವನ್ನು ಕೊಳ್ಳುವವರು ನೆನಪಿನಲ್ಲಿಡಬೇಕಾದ ಇನ್ನೊಂದು ಸಂಗತಿಯಿದೆ. ಕಾಗದದ ಪುಸ್ತಕವನ್ನು ಕೊಂಡರೆ ಅದು ಕೊಂಡವನ ಸ್ವತ್ತು. ಮಕ್ಕಳಿಗೆ ಕೊಡಬಹುದು, ಗೆಳೆಯರಿಗೆ ಎರವಲು ನೀಡಬಹುದು. ಇ-ಪುಸ್ತಕವನ್ನು ಕೊಂಡಾಗ ಅನೇಕ ವೇಳೆ ದೊರೆಯುವುದು ಓದುವ ಅನುಮತಿ ಮಾತ್ರ. 2009ರ ಜುಲೈ ತಿಂಗಳಲ್ಲಿ, ಮಾರುವ ಹಕ್ಕಿಲ್ಲದವರಿಂದ ಬಂದ ಪ್ರತಿಗಳೆಂಬ ಕಾರಣಕ್ಕೆ ಜಾರ್ಜ್ ಆರ್ವೆಲ್ಲರ '1984' ಕಾದಂಬರಿಯನ್ನು ಅಮೆಜಾನ್ ಸಂಸ್ಥೆ ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಓದುಗರು ಪ್ರತಿಭಟಿಸಿದ ಮೇಲೆ ಸಂಸ್ಥೆಯ ಮುಖ್ಯಸ್ಥರು ಕ್ಷಮೆ ಕೇಳಿದರು. ಆದುದರಿಂದ ಮೆಚ್ಚಿನ ಪುಸ್ತಕಗಳ ಕಾಗದದ ಪ್ರತಿಗಳನ್ನು ಮನೆಯ ಬೀರುವಿನಿಂದ ಹೊರಗೆ ಹಾಕಲು ಆತುರಪಡಬಾರದು.

ಹಾಗಾದರೆ ಆಯುವುದು ಹೇಗೆ? ಅಂಗಡಿಯಲ್ಲಿ ಸಾಧನದ ಹೊಳಪನ್ನು ನೋಡಿ ಮರುಳಾಗದೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಓದುವವರು ಯಾರು? ಅವರು ಓದುವುದು ಏನನ್ನು? ಓದುವುದು ಎಲ್ಲಿ? ಬಳಿಕ, ಓದಬೇಕೆಂದಿರುವ ಪುಸ್ತಕದ ಕನ್ನಡದ ಒಂದು ಪುಟವನ್ನೇ ಆ ಸಾಧನದಲ್ಲಿ ತೆರೆದು ನೋಡಬೇಕು. ಒತ್ತುಗಳು ತಮ್ಮ ತಮ್ಮ ಸ್ಥಾನದಲ್ಲಿ ನಿಂತಿವೆಯೆ, ಅಕ್ಷರ ಕಣ್ಣಿಗೆ ಸಾಕಷ್ಟು ದೊಡ್ಡದಾಗುತ್ತದೆಯೆ ಎಂಬುದನ್ನು ಪರೀಕ್ಷಿಸಬೇಕು. ಬೇರೆ ಭಾಷೆಯ ಓದುಗನಿಗೆ ಒಳ್ಳೆಯದಾದುದು ಕನ್ನಡದ ಓದುಗನಿಗೂ ಒಳ್ಳೆಯದಾಗಿರಲೇಬೇಕೆಂಬ ನಿಯಮವಿಲ್ಲ. ಕನ್ನಡವನ್ನು ಸರಿಯಾಗಿ ತೋರಿಸಿರೆಂದು ಕನ್ನಡಿಗರು ಬಿಡದೆ ಕೇಳುತ್ತಿದ್ದರೆ ಮುಂದೆ ಎಲ್ಲ ಸಾಧನಗಳೂ ತೋರಿಸಿಯಾವು. ಕೇಳದಿದ್ದರೆ ತಾನಾಗಿ ಯಾರೂ ತಂದುಕೊಡಲಾರರು.

ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರೆಂದು ಪ್ರಸಿದ್ಧಿ. ಪುಸ್ತಕ ಓದುಗನ ಬಳಿಗೆ ಹೋಗಬೇಕೆಂಬುದೊಂದೇ ಅವರ ಹಂಬಲವಾಗಿತ್ತು. 1942ರಲ್ಲಿ ಅವರು ತೀರಿಕೊಂಡರು. ಅವರು ಹೊತ್ತ ಪುಸ್ತಕ ರಾಜಾಜಿನಗರದ ಆ ಮನೆಯ ಕಿಟಕಿಯ ಬಳಿಗೂ ಬಂದು ತಲಪಿದೆ. ಮಧ್ಯಾಹ್ನದ ಹೊತ್ತು ತಾತ ಬೆತ್ತದ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಮೊಮ್ಮಗಳು ಶಾಲೆಯಿಂದ ಬಂದೊಡನೆ, "ತಾತ, ಎಷ್ಟನೆಯ ಪುಟ?" ಎಂದು ಕೇಳುತ್ತಾಳೆ. ದಿನವೂ ಉತ್ತರ ಬೇರೆಯಾಗಿರುತ್ತದೆ.

ಪದಗಳ ಅರ್ಥ

ಅಕ್ಷಿಪಟಲ - ಕಣ್ಣಿನ ಹಿಂಭಾಗದಲ್ಲಿರುವ, ಬೆಳಕನ್ನು ಗ್ರಹಿಸುವ ಪೊರೆ
ಆಮಿಷ - ಆಸೆ ಹುಟ್ಟಿಸುವ ವಸ್ತು
ಎಡೆ - ಸ್ಥಳ, ಸ್ಥಾನ
ಕಂಠ - ಓಲೆಗರಿಯ ಮೇಲೆ ಬರೆಯುವ ಕಬ್ಬಿಣದ ಲೇಖನಿ
ಕಲ್ಲಚ್ಚು - ಕಲ್ಲಿನ ಮೇಲೆ ಬರೆದು ಅದರಿಂದ ಮುದ್ರಿಸುವ ವಿಧಾನ
ಮೊಳೆ - ಮುದ್ರಣಕ್ಕೆ ಬಳಸುವ ಲೋಹದ ಅಕ್ಷರ
ವಿದ್ಯುದಾವೇಶ - ವಸ್ತುವಿನಲ್ಲಿ ನೆಲೆಸಿದ ವಿದ್ಯುತ್ತಿನ ಗುಣ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ತಾತನ ಓದಿನಲ್ಲಿ ಮೊಮ್ಮಗಳು ಗಮನಿಸಿದ ಸಂಗತಿ ಯಾವುದು?
2. ಇ-ರೀಡರಿನ ಬ್ಯಾಟರಿ ವಾರಗಟ್ಟಲೆ ಬಾಳುವುದೇಕೆ?
3. ಕನ್ನಡದ ಮೊದಲ ಪತ್ರಿಕೆ ಯಾವುದು? ಅದು ಎಲ್ಲಿಂದ ಹೊರಟಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಇ-ರೀಡರಿನ ತೆರೆಯಲ್ಲಿ ಅಕ್ಷರ ಮೂಡುವ ಬಗೆಯನ್ನು ವಿವರಿಸಿರಿ.
2. ಕನ್ನಡ ಲಿಪಿಯನ್ನು ಯಂತ್ರದಲ್ಲಿ ಮೂಡಿಸುವುದು ಕಷ್ಟವಾದುದೇಕೆ?
3. ತಾತನಿಗೆ ಟ್ಯಾಬ್ಲೆಟ್ಟು ಒದಗಿದ ಕಾರಣವನ್ನು ಪುಟದ ಅಳತೆಯ ಆಧಾರದಿಂದ ತಿಳಿಸಿರಿ.

ಇ. ಸಂದರ್ಭವನ್ನು ತಿಳಿಸಿ ವಿವರಿಸಿರಿ.
1. "ಪುಟ ಕಾಣುತ್ತದೆ ಮಗು, ಅಕ್ಷರ ಕಾಣುವುದಿಲ್ಲ."
2. "ಕನ್ನಡ ಎಲ್ಲಿದೆ?"

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಗ್ರಂಥಾಲಯ, ಒತ್ತಕ್ಷರ, ಊರೂರು, ಸ್ವಾತಂತ್ರ್ಯಾನಂತರ

ಉ. ನಿಮ್ಮ ಮನೆಯ ಹಿರಿಯರೊಬ್ಬರಿಗೆ ಅವರು ಮೆಚ್ಚುವ ಪುಸ್ತಕದ ಎರಡು ಪುಟಗಳನ್ನು ಓದಿ ಹೇಳಿರಿ. ಆ ಅನುಭವವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.